ಐಸಿಯುನಲ್ಲಿ ಟ್ರೇಕಿಯಾಸ್ಟಮಿ: ಯಾವ ವಿಧಾನ, ಯಾವಾಗ?

ಟ್ರೇಕಿಯಾಸ್ಟಮಿ ಎಂದರೆ ಕುತ್ತಿಗೆಯ ಮುಂಭಾಗದಿಂದ ಶ್ವಾಸನಾಳಕ್ಕೆ ದಾರಿ ಮಾಡಿ ಉಸಿರಾಟದ ಕೊಳವೆ ಇಡುವುದು. ವೆಂಟಿಲೇಟರ್ ಮೇಲೆ ಬಹುದಿನ ಇರಬೇಕಾದ ರೋಗಿಗೆ, ಆಪರೇಷನ್ ಥಿಯೇಟರ್‌ಗೆ ಸಾಗಿಸುವ ಅಪಾಯವಿಲ್ಲದೆ ಹಾಸಿಗೆಯ ಬಳಿಯಲ್ಲೇ ಮುಗಿಸಬಹುದಾದ ಪರ್ಕ್ಯುಟೇನಿಯಸ್ (ಚರ್ಮದ ಮೂಲಕ ಸೂಜಿ ಚುಚ್ಚಿ ಮಾಡುವ) ಟ್ರೇಕಿಯಾಸ್ಟಮಿಯೇ ಸಾಮಾನ್ಯವಾಗಿ ಮೇಲೆಂಬುದು ನನ್ನ ಅಭಿಪ್ರಾಯ. 1985ರಲ್ಲಿ ಶಸ್ತ್ರವೈದ್ಯ ಸಿಯಾಗ್ಲಿಯಾ ವಿವರಿಸಿದ ಈ ಕ್ರಮದಲ್ಲಿ, ಶ್ವಾಸನಾಳದ ಉಂಗುರಗಳ ನಡುವೆ ಸೂಜಿ ಚುಚ್ಚಿ, ಸಿರಿಂಜಿನ ದ್ರವದಲ್ಲಿ ಗಾಳಿಗುಳ್ಳೆಗಳು ಎದ್ದುದನ್ನು (ಸೂಜಿ ಶ್ವಾಸನಾಳ ಸೇರಿದ ಗುರುತು) ಕಂಡ ಮೇಲೆ ಗೈಡ್‌ವೈರ್ (ದಾರಿ ತೋರುವ ತೆಳು ತಂತಿ) ಇಳಿಸಿ, ಅದರ ಗುಂಟ ಡೈಲೇಟರ್‌ನಿಂದ ದಾರಿಯನ್ನು ಹಿಗ್ಗಿಸಲಾಗುತ್ತದೆ. ಬ್ರಾಂಕೋಸ್ಕೋಪ್ (ಶ್ವಾಸನಾಳದ ಒಳಭಾಗ ನೋಡುವ ತೆಳು ನಳಿಕೆ) ಒಳಗಿದ್ದರೆ ಸೂಜಿ ಹಿಂಗೋಡೆಗೆ ತಾಗದಂತೆ ಕಣ್ಣಾರೆ ನೋಡಿಕೊಳ್ಳಬಹುದು. 1990ರಲ್ಲಿ ವೈದ್ಯ ಗ್ರಿಗ್ಸ್ ಡೈಲೇಟರ್ ಬದಲು ಫೋರ್ಸೆಪ್ಸ್ (ಇಕ್ಕಳದಂಥ ಉಪಕರಣ) ಬಳಸಿದರು.

ಕುತ್ತಿಗೆಯನ್ನು ಕೊಯ್ದು ಮಾಡುವ ತೆರೆದ ಶಸ್ತ್ರಚಿಕಿತ್ಸೆಗಿಂತ ಇದರಲ್ಲಿ ಗಾಯದ ಸೋಂಕು ಕಡಿಮೆ. ಮರಣ ಪ್ರಮಾಣದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಂಡುಬಂದಿಲ್ಲ. ಕುತ್ತಿಗೆಯಲ್ಲಿ ದೊಡ್ಡ ಗಳಗಂಡವಿದ್ದರೆ ತೆರೆದ ವಿಧಾನವನ್ನೇ ಆರಿಸುವುದು ಲೇಸು. ಮೊದಲ ವಾರದಲ್ಲಿ ಕೊಳವೆ ಜಾರಿದರೆ, ಹಿಗ್ಗಿಸಿದ ದಾರಿ ಬೇಗ ಮುಚ್ಚಿಕೊಳ್ಳುವುದರಿಂದ, ಅಲ್ಲೇ ತಡಕಾಡದೆ ಬಾಯಿಯ ಮೂಲಕ ಟ್ಯೂಬ್ ಹಾಕಬೇಕೆಂಬುದು ರಾತ್ರಿ ಪಾಳಿಯವರಿಗೂ ತಿಳಿದಿರಲೇಬೇಕು.