ವಾರೋ, ಬ್ಯಾಟಲ್ಲೋ, ಕಾನ್‌ಫ್ಲಿಕ್ಟೋ

ಡಿಸೆಂಬರ್ 18, 2025, ಗುರುವಾರ
ಕಾರವಾರ

1961ರಲ್ಲಿ ಇದೇ ದಿನ ನಮ್ಮ ನೌಕಾಪಡೆಯವ್ರು ತ್ರಿಶೂಲ್ ಹಡಗಿಂದ ನಮ್ಮ ಕಾರವಾರದ ಹತ್ತಿರದ ಅಂಜುದೀವ ದ್ವೀಪಕ್ಕೆ ಇಳಿದಿದ್ದು. ದ್ವೀಪದಲ್ಲಿದ್ದ ಪೋರ್ಚುಗೀಸರು ಗುಂಡು ಹಾರಿಸಿದ್ರು, ನಮ್ಮವ್ರೂ ಸತ್ರು. ಪೋರ್ಚುಗೀಸರ ಕೈಯಿಂದ ಗೋವಾ ಬಿಡಿಸ್ಕೊಂಡಿದ್ದೆಲ್ಲ ಸೇರಿ ಎರಡು ದಿನದೊಳಗೆ ಮುಗೀತು. ನಾವು ಅದನ್ನ ಲಿಬರೇಶನ್ ಅಂತೀವಿ, ಪೋರ್ಚುಗಲ್‌ನವ್ರು ಇನ್ವೇಜನ್ ಅಂದ್ರು. ವಾರ್ ಅಂತ ಮಾತ್ರ ನಮ್ಮ ಕಡೆ ಯಾರ ಬಾಯಲ್ಲೂ ಕೇಳಿಲ್ಲ.

ಅಕ್ಕನ ಮಗ ಪಿಯುಸಿ, ಅವ್ನಿಗೆ ಇದನ್ನ ಹೇಳ್ತಾ ಕೂತಿದ್ದೆ, "ಮಾಮಾ, ವಾರ್ ಅಂದ್ರೂ ಯುದ್ಧ ಬ್ಯಾಟಲ್ ಅಂದ್ರೂ ಯುದ್ಧ, ಎರಡ್ಯಾಕೆ" ಅಂದ. ಒಳ್ಳೇ ಪ್ರಶ್ನೆನೇ. ವಾರ್ ಅಂದ್ರೆ ಇಡೀ ಕಥೆ, ಬ್ಯಾಟಲ್ ಅದರೊಳಗೆ ಒಂದು ಜಾಗದಲ್ಲಿ ಎರಡು ಪಡೆ ಎದುರುಬದುರಾಗಿ ಹೊಡೆದಾಡಿದ್ದು. ಎರಡನೇ ಮೈಸೂರು ವಾರ್ 1780ರಿಂದ 84ರ ತನಕ ನಡೀತು, ಅದರೊಳಗೆ ಪೊಳ್ಳಿಲೂರಲ್ಲಿ ಹೈದರ್-ಟಿಪ್ಪು ಸೇರಿ ಇಂಗ್ಲಿಷ್ ಪಡೆ ಮುಗಿಸಿದ್ದು ಬ್ಯಾಟಲ್. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಸುತ್ತ ಹಾಕಿ ಕೂತಿದ್ದು ಸೀಜ್, ಮುತ್ತಿಗೆ. ಸ್ಕರ್ಮಿಶ್ ಅಂದ್ರೆ ಸಣ್ಣ ಪುಟ್ಟ ಚಕಮಕಿ, ಅದಕ್ಕಿಂತ ಹೆಚ್ಚು ಅವನ ತಲೆ ತಿನ್ನೋಕೆ ಹೋಗ್ಲಿಲ್ಲ.

ನನಗೆ ಮಜಾ ಅನ್ಸೋದು ಬೇರೆ, ಸರ್ಕಾರಗಳಿಗೆ ವಾರ್ ಅನ್ನೋಕೆ ಮನಸ್ಸಿಲ್ದಾಗ ಹುಡುಕೋ ಶಬ್ದಗಳು. 1948ರಲ್ಲಿ ಹೈದರಾಬಾದ್ ನಿಜಾಮನ ಮೇಲೆ ಹೋಗಿದ್ದು ಸೈನ್ಯ, ಟ್ಯಾಂಕ್ ಸಮೇತ, ಹೆಸರು ಮಾತ್ರ ಪೊಲೀಸ್ ಆ್ಯಕ್ಷನ್! ಕಲಬುರಗಿ ಬೀದರ್ ಕಡೆ ಹಿರಿಯರು ಈಗ್ಲೂ ಹಾಗೇ ಅಂತಾರೆ. ಎರಡೇ ವರ್ಷಕ್ಕೆ ಕೊರಿಯಾದಲ್ಲಿ ಅಮೆರಿಕದ ಟ್ರೂಮನ್ ಕೂಡ ಅದೇ ಹೆಸರಿಗೆ ಹೂಂ ಅಂದ, ಅಲ್ಲಿ ಲಕ್ಷಗಟ್ಲೆ ಜನ ಸತ್ರು. 1999ರ ಕಾರ್ಗಿಲ್‌ನಲ್ಲೂ ಯಾರೂ ವಾರ್ ಅಂತ ಘೋಷಣೆ ಮಾಡಿಲ್ಲ, ಅದಕ್ಕೇ ಇಂಗ್ಲಿಷ್ ಪುಸ್ತಕಗಳಲ್ಲಿ ಎಷ್ಟೋ ಕಡೆ ಕಾನ್‌ಫ್ಲಿಕ್ಟ್, ನಮಗೆ ಮಾತ್ರ ಅದು ಕಾರ್ಗಿಲ್ ಯುದ್ಧನೇ. 2020ರಲ್ಲಿ ಚೀನಾ ಗಡಿಯ ಗಲ್ವಾನ್‌ನಲ್ಲಿ ನಡೆದಿದ್ದು ಪೇಪರ್‌ನಲ್ಲಿ ಕ್ಲಾಷ್ ಆಯ್ತು, ಬಂದೂಕು ಹಾರ್ಲಿಲ್ಲ, ಆದ್ರೂ ನಮ್ಮ 20 ಸೈನಿಕರು ಹೋದ್ರು. ಕ್ಲಾಷ್ ಅನ್ನೋ ಶಬ್ದ ಓದಿದ್ರೆ ಅಷ್ಟು ಜೀವ ಹೋಗಿದ್ದು ಗೊತ್ತಾಗುತ್ತಾ ಹೇಳಿ.

ಮನೆಮಟ್ಟದ್ದು ಸುಲಭ. ಬಾಯಲ್ಲಿ ಮುಗಿದ್ರೆ ಕ್ವಾರಲ್, ಕೈ ಎತ್ತಿದ್ರೆ ಫೈಟ್ (ಗಂಡ ಹೆಂಡ್ತಿ ಕೂಗಾಡಿದ್ರೂ ಫೈಟ್ ಅಂತಾರೆ ಬಿಡಿ). ಡಿಸ್ಪ್ಯೂಟ್ ಅಂದ್ರೆ ಏನಂತ ಕಾರವಾರದವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಬೆಳಗಾವಿ ಜೊತೆ ನಮ್ಮೂರೂ ತಮ್ಮದು ಅಂತಾರೆ ಮಹಾರಾಷ್ಟ್ರದವ್ರು, ಈ ಗಡಿ ಜಗಳದ ಮೇಲೆ ಮಹಾಜನ ವರದಿ ಬಂದಿದ್ದು 1967ರಲ್ಲಿ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೇಸು ಅಲ್ಲೇ ಇದೆ.