ವಿದುರಾಶ್ವತ್ಥದಲ್ಲಿ ತನಿ ಎರೆದ ದಿನ

ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳಿಗೆ ಲೆಕ್ಕವಿಲ್ಲ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ತಂದು ನಿಲ್ಲಿಸಿದವು. ನಮ್ಮದೂ ಒಂದಿದೆ. ಪ್ರತಿಷ್ಠೆ ಮಾಡಿಸಿದ ಮೇಲೆ ಮಗ ಹುಟ್ಟಿದ. ಕಾಲೇಜಿಗೆ ಹೋಗುತ್ತಿದ್ದ ಆ ಮಗ ತನ್ನ ಜೀವ ತಾನೇ ತೆಗೆದುಕೊಂಡ.

ಹೋದ ವರ್ಷ ನಮಗೆ ಹಬ್ಬವಿರಲಿಲ್ಲ. ಈ ಸಲ ನಾಗರಪಂಚಮಿಗೆ ಗೌರಿಬಿದನೂರಿನಲ್ಲಿ ಬಸ್ಸು ಹತ್ತುವಾಗ ನೆಂಟರೊಬ್ಬರ ಮಾತು ಕಿವಿಯಲ್ಲೇ ಇತ್ತು: "ದೋಷ ಪೂರ್ತಿ ಕಳೆದಿರಲಿಲ್ಲ ಕಣಮ್ಮ, ಅದಕ್ಕೇ ಹಿಂಗಾಯ್ತು." ಅವನಿಗಿದ್ದದ್ದು ಖಿನ್ನತೆ. ಅದು ಕಾಯಿಲೆ, ನಾಗಪ್ಪನ ಮುನಿಸಲ್ಲ. ಕೊಟ್ಟ ಮಗುವನ್ನು ಸಾಲ ವಸೂಲಿಗೆ ಬಂದವರಂತೆ ಎಳೆದೊಯ್ಯುವ ದೇವರಾದರೆ ಅವನಿಗೆ ನಾನು ಹಾಲೆರೆಯುವುದಿಲ್ಲ.

ಇಲ್ಲಿನ ಸ್ಥಳಪುರಾಣ ಚಿಕ್ಕಂದಿನಿಂದ ಕೇಳಿದ್ದೇ. ಕುರುಕ್ಷೇತ್ರದಲ್ಲಿ ತನ್ನವರೆಲ್ಲ ಸತ್ತ ದುಃಖ ತಾಳದೆ ವಿದುರ ತೀರ್ಥಯಾತ್ರೆ ಹೊರಟ. ಉತ್ತರ ಪಿನಾಕಿನಿಯಲ್ಲಿ ಸಂಧ್ಯಾವಂದನೆಗೆ ಇಳಿದಾಗ ಅಶ್ವತ್ಥದ ಸಸಿಯೊಂದು ಕೈಗೆ ಸಿಕ್ಕಿತು, ಮೈತ್ರೇಯ ಋಷಿಗಳು ನೆಡು ಅಂದರು. ಆ ಮರವೂ 2001ರಲ್ಲಿ ಉರುಳಿತು. ನನ್ನನ್ನು ಈಗ ಹಿಡಿದಿರುವುದು ಮಾತ್ರ ಮರವಲ್ಲ, ವಿದುರ. ಮುಂದಾಗುವುದು ಅವನಿಗೆ ಗೊತ್ತಿತ್ತು. ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದ್ದ. ಆದರೂ ತಡೆಯಲಾಗಲಿಲ್ಲ. ಮಗನ ರೂಮಿನ ಬಾಗಿಲಾಚೆ ಏನು ನಡೆಯುತ್ತಿದೆ ಅಂತ ಗೊತ್ತೇ ಇಲ್ಲದ ನಾನು, "ನಾನು ತಡೆಯಬೇಕಿತ್ತು" ಅಂತ ಎಷ್ಟು ರಾತ್ರಿ ಎದ್ದು ಕೂತಿಲ್ಲ!

ಸಂಕಲ್ಪಕ್ಕೆ ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ಯಜಮಾನರದು, ನನ್ನದು, ಮಗಳದು ಹೇಳಿದೆ. ನಾಲಿಗೆ ತಾನಾಗಿ "ರೋಹಿಣಿ" ಅಂದುಬಿಟ್ಟಿತು. ಅರ್ಚಕರು ಹೆಸರಿಗೆ ಕಾದರು. "ಅಷ್ಟೇ ಸ್ವಾಮಿ" ಅಂದರು ಯಜಮಾನರು.

ತನಿ ಎರೆದ ಮೇಲೆ ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಸವರುವುದು ನಮ್ಮಲ್ಲಿ ರೂಢಿ. ಮಗಳು ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು.

"ಅಣ್ಣನ ಬೆನ್ನಿಗೆ ಏನಮ್ಮ ಮಾಡ್ಲಿ?"

ನನಗೆ ತೋಚಲಿಲ್ಲ. ಯಜಮಾನರೇ ನಮ್ಮ ಕಲ್ಲು ತೋರಿಸಿ, "ಅದರ ಬೆನ್ನಿಗೇ ಸವರಮ್ಮ" ಅಂದರು. ಶಾಸ್ತ್ರದಲ್ಲಿ ಇದೆಯೋ ಇಲ್ಲವೋ, ಯಾರನ್ನೂ ಕೇಳಲು ಹೋಗಲಿಲ್ಲ. ಸವರುತ್ತಾ ಅವಳಿಗೆ ನಗು ಬಂತು: "ಹತ್ತು ರೂಪಾಯಿ ಕೊಟ್ಟು ಸಾಯಂಕಾಲ ವಾಪಸ್ ಇಸ್ಕೊಳ್ತಿದ್ದ, ಕಂಜೂಸ್!"

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವನದೇ ಮಾತು. ಆ ಮಾತಿನ ನಡುವೆಯೇ ಮಗಳು, ತನಗೂ ರಾತ್ರಿ ನಿದ್ದೆ ಬರುತ್ತಿಲ್ಲ, ಏನೇನೋ ಯೋಚನೆ ಬರುತ್ತೆ ಅಂದಳು. ಯಜಮಾನರು ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಹಚ್ಚಿ ಅವಳ ಕೈಗೆ ಕೊಟ್ಟರು. ಅಲ್ಲಿಯವರು ಕನ್ನಡದಲ್ಲೇ ಮಾತಾಡಿದರು, ದುಡ್ಡೇನಿಲ್ಲ. ಬರುವ ಗುರುವಾರ ಡಾಕ್ಟರ ಹತ್ತಿರ ಮೂವರೂ ಹೋಗುತ್ತಿದ್ದೇವೆ.