12 ಫ್ರೇಮ್ ತಡವಾಗಿ ಬಂದ ಗಂಟೆ

ಶಾಲೆಯ ಪತ್ರಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆದು ಕೊಡಿ ಎಂದು ಫೋನ್ ಬಂದಾಗ ನಾನು ನನ್ನ ಸಿನಿಮಾದ ಎಡಿಟಿಂಗ್‌ಗೆ ಕೂತಿದ್ದೆ. ಎದುರಿನ ಪರದೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದರು. ಅವರು ತೀರಿಕೊಂಡು ಆಗ ಐದು ತಿಂಗಳಾಗಿತ್ತು. ಸಿನಿಮಾ ಮುಗಿಸಿ ಬರೆಯುತ್ತೇನೆ ಅಂದೆ. ಮುಗಿಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅವರ ಕ್ಲಾಸಿನಲ್ಲಿ ಓದಿದ್ದೆಲ್ಲ ನೆನಪಿದೆ ಎಂದರೆ ಸುಳ್ಳಾಗುತ್ತದೆ. ಉಳಿದಿರುವುದು ಎರಡು ದಿನ.

ಮೊದಲನೇ ದಿನ ಶಬ್ದದ ಪಾಠ. ಮೇಷ್ಟ್ರು ಒಳಗೆ ಬಂದವರೇ ಫ್ಯಾನ್ ಆರಿಸಿದರು. ಪುಸ್ತಕ ಮುಚ್ಚಿ, ಕಣ್ಣೂ ಮುಚ್ಚಿ, ಎರಡು ನಿಮಿಷ ಸುಮ್ನೆ ಕೂತು ಕೇಳಿ, ಆಮೇಲೆ ಕೇಳಿಸಿದ್ದನ್ನೆಲ್ಲ ಬರೆಯಿರಿ ಅಂದರು. ನಾನು ನಾಲ್ಕು ಬರೆದೆ. ಅವರು ಹನ್ನೊಂದು ಹೇಳಿದರು. ಟ್ಯೂಬ್‌ಲೈಟಿನ ಗುಂಯ್ ಶಬ್ದ, ಪಕ್ಕದ ಕ್ಲಾಸಿನ ಮಗ್ಗಿ, ನೆಗಡಿಯಾಗಿದ್ದ ಹುಡುಗನ ಉಸಿರು, ಬೆಂಚಿನ ಸಡಿಲವಾದ ಮೊಳೆ. ಅವರು ಹೇಳಿದ ಮೇಲೆ ನಮಗೂ ಕೇಳಿಸತೊಡಗಿತು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಇಷ್ಟೆಲ್ಲ ಇದೆ ಎಂದೇ ನಮಗೆ ಗೊತ್ತಿರಲಿಲ್ಲ.

ಎರಡನೇ ದಿನ ನಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಶಾಲೆಯ ಗಂಟೆಯಿಂದ ಹಗ್ಗ ಹಿಡಿದು 170 ಮೀಟರ್ ಅಳೆಸಿದರು. ಆ ತುದಿಯಲ್ಲಿ ನಾವೆಲ್ಲ ಸಾಲಾಗಿ ನಿಂತೆವು, ಈ ತುದಿಯಲ್ಲಿ ಜವಾನ ಸುತ್ತಿಗೆ ಎತ್ತಿದ. ಸುತ್ತಿಗೆ ಗಂಟೆಗೆ ತಗುಲಿದ್ದು ಕಂಡಿತು. ಶಬ್ದ ಇಲ್ಲ. ಆಮೇಲೆ ಬಂತು, ಢಣ್ ಎಂದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ನಮ್ಮ ಹತ್ತಿರ ಬರಲು ಅರ್ಧ ಸೆಕೆಂಡ್ ಬೇಕು. ಆ ಅರ್ಧ ಸೆಕೆಂಡಿನಲ್ಲಿ ನಮ್ಮಲ್ಲಿ ಒಬ್ಬರೂ ಉಸಿರು ಬಿಟ್ಟಿರಲಿಲ್ಲ. "ಕಣ್ಣಿಗೆ ಮೊದಲು, ಕಿವಿಗೆ ಆಮೇಲೆ" ಎಂದಷ್ಟೇ ಹೇಳಿ ವಾಪಸ್ ಕರೆತಂದರು.

ಈಗ ಪ್ರೊಜೆಕ್ಟರಿನ ಕಥೆ. ನಮ್ಮ ಬ್ಯಾಚಿನವರು ಯಾರು ಸಿಕ್ಕರೂ ಮೊದಲು ಇದನ್ನೇ ತೆಗೆಯುತ್ತಾರೆ. ಶಾಲೆಯಲ್ಲಿ ಒಂದು 16 ಎಂಎಂ ಪ್ರೊಜೆಕ್ಟರ್ ಇತ್ತು, ಮೇಷ್ಟ್ರ ಸುಪರ್ದಿಯಲ್ಲಿ. ಒಂದು ಶನಿವಾರ ಈಜಿನ ಬಗ್ಗೆ ಒಂದು ಸಾಕ್ಷ್ಯಚಿತ್ರ ಓಡುತ್ತಿತ್ತು. ನಡುವೆ ಹೆಡ್‌ಮಾಸ್ಟರ್ ಕರೆದರೆಂದು ಮೇಷ್ಟ್ರು ಹೊರಗೆ ಹೋದರು. ಯಂತ್ರದ ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ಹಿಂದಕ್ಕೆ ಓಡಿಸುವ ಗುಂಡಿ ತಿರುಗಿಸಿದೆ. ನೀರಿಗೆ ಬಿದ್ದಿದ್ದ ಈಜುಗಾರ ಕಾಲು ಮೇಲಾಗಿ ನೀರಿನಿಂದ ಚಿಮ್ಮಿ ಬಂದು, ಒಂದು ತೊಟ್ಟು ನೀರೂ ಇಲ್ಲದಂತೆ ಹಲಗೆಯ ಮೇಲೆ ನಿಂತುಬಿಟ್ಟ! ಇಡೀ ಹಾಲ್ ಹುಚ್ಚೆದ್ದು ನಕ್ಕಿತು. ಮುಂದೆ ಬಿಟ್ಟೆ, ಮತ್ತೆ ಹಿಂದೆ ತಿರುಗಿಸಿದೆ. ಮೂರನೇ ಸಲ ಫಿಲ್ಮ್ ಸಿಕ್ಕಿಕೊಂಡಿತು. ದೀಪದ ಬಿಸಿಗೆ ಈಜುಗಾರನ ಹೊಟ್ಟೆಯ ಮೇಲೆ ಕಂದು ಬಣ್ಣದ ಗುಳ್ಳೆ ಎದ್ದು, ಎಲ್ಲರ ಕಣ್ಣೆದುರೇ ತೂತಾಯಿತು.

ಮೇಷ್ಟ್ರು ಹೊಡೆಯಲಿಲ್ಲ. ಸಂಜೆ ನನ್ನೊಬ್ಬನನ್ನೇ ಉಳಿಸಿಕೊಂಡು ಕತ್ತರಿ, ಅಂಟುಪಟ್ಟಿ ಮುಂದಿಟ್ಟರು. ಸುಟ್ಟಿದ್ದು, ಹರಿದಿದ್ದು ಸೇರಿ 7 ಫ್ರೇಮ್, ಅಂದರೆ ಏಳು ಬಿಡಿ ಚಿತ್ರ, ಕತ್ತರಿಸಿ, ಎರಡು ತುದಿ ಜೋಡಿಸಿದೆ. ನನ್ನ ಜೀವನದ ಮೊದಲ ಕಟ್ ಅದು. ಹಚ್ಚಿ ನೋಡಿದಾಗ ಈಜುಗಾರ ಗಾಳಿಯಲ್ಲಿ ಸಣ್ಣಗೆ ಜಿಗಿದ, ಮತ್ತು ಸುಮಾರು ಒಂದು ಸೆಕೆಂಡ್ ಆದ ಮೇಲೆ ಹಿನ್ನೆಲೆಯ ಮಾತು ಮುಗ್ಗರಿಸಿತು. ಯಾಕೆ ಹೀಗೆ ಎಂದು ಕೇಳಿದೆ. ಅವರಿಗೆ ಅದೇ ಬೇಕಿತ್ತು ಅನಿಸುತ್ತದೆ. 16 ಎಂಎಂ ಫಿಲ್ಮಿನಲ್ಲಿ ಒಂದು ಚಿತ್ರದ ಶಬ್ದ ಆ ಚಿತ್ರದ ಪಕ್ಕದಲ್ಲಿ ಇರುವುದಿಲ್ಲ, 26 ಫ್ರೇಮ್ ಮುಂದೆ, ಸುಮಾರು ಒಂದು ಗೇಣು ಮುಂದೆ ಇರುತ್ತದೆ. ಯಂತ್ರದಲ್ಲಿ ಚಿತ್ರಕ್ಕೆ ಬೆಳಕು ಹಾಯಿಸುವ ದೀಪ ಒಂದು ಕಡೆ ಇದೆ, ಶಬ್ದ ಓದುವ ಕಣ್ಣು ಆಚೆ ಇದೆ. ಇದನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ಶಿಕ್ಷೆ ಎಂದು ಒಂದು ಲೆಕ್ಕ ಕೊಟ್ಟರು. ಒಂದು ಅಡಿಗೆ 40 ಫ್ರೇಮ್, ಸೆಕೆಂಡಿಗೆ 24 ಫ್ರೇಮ್, 400 ಅಡಿ ರೀಲು ಎಷ್ಟು ಹೊತ್ತು ಓಡುತ್ತದೆ? 16,000 ಫ್ರೇಮ್, 11 ನಿಮಿಷ ಚಿಲ್ಲರೆ. ಆ ಲೆಕ್ಕ ಮಾಡಿದ ಹಾಳೆ ಎಷ್ಟೋ ವರ್ಷ ನನ್ನ ಹತ್ತಿರ ಇತ್ತು.

ನನ್ನ ಸಿನಿಮಾ 82 ನಿಮಿಷದ್ದು. ಅದೇ ಲೆಕ್ಕದಲ್ಲಿ 1,18,080 ಫ್ರೇಮ್. ಶಾಲೆಗೆ ಕರೆಂಟ್ ಗಂಟೆ ಬರುವ ಮುನ್ನ ಕೊನೆಯ ಸಲ ಗಂಟೆ ಹೊಡೆಯುವ ಜವಾನ, ಅವನ ಬೆನ್ನು ಬಿಡದ ಒಬ್ಬ ಹುಡುಗ, ಇಷ್ಟೇ ಕಥೆ. ನಾವು ಆರು ಜನ, ಎಲ್ಲರಿಗೂ ಬೇರೆ ಕೆಲಸ ಇತ್ತು, ಭಾನುವಾರ ಮಾತ್ರ ಬಿಡುವು. ಒಂದು ವರ್ಷದಲ್ಲಿ ಮುಗಿಸಬೇಕು ಅಂದುಕೊಂಡಿದ್ದೆವು. ನಾಲ್ಕು ವರ್ಷ ಹಿಡಿಯಿತು.

ಕ್ಯಾಮೆರಾ ಎರವಲು ತಂದಿದ್ದು, ಹಳೆಯ ಡಿಎಸ್‌ಎಲ್‌ಆರ್. ಹನ್ನೆರಡು ನಿಮಿಷಕ್ಕೆ ಫೈಲು 4 ಜಿಬಿ ತುಂಬಿ ತಾನೇ ನಿಲ್ಲುತ್ತಿತ್ತು, ಜಾಸ್ತಿ ಹೊತ್ತು ಓಡಿಸಿದರೆ ಬಿಸಿಯಾಗುತ್ತಿತ್ತು. ಕ್ಯಾಮೆರಾ ಇಟ್ಟು ತಳ್ಳುವ ಟ್ರಾಲಿ ಇಲ್ಲದ್ದಕ್ಕೆ ಗಾಲಿಕುರ್ಚಿ, ಬೆಳಕು ತಿರುಗಿಸುವ ರಿಫ್ಲೆಕ್ಟರ್ ಬದಲು ಥರ್ಮಾಕೋಲ್. ಬೆಳಕಿನ ಅಂದಾಜು ನನಗೆ ಮೊದಲಿನಿಂದಲೂ ಚೆನ್ನಾಗಿದೆ, ನಮ್ಮ ತಂಡದವರೂ ಇದನ್ನು ಒಪ್ಪುತ್ತಾರೆ, ಹಾಗಾಗಿ ಚಿತ್ರದ ಮಟ್ಟಿಗೆ ನಾವು ಎಲ್ಲೂ ಸೋಲಲಿಲ್ಲ. ಸೋತಿದ್ದೆಲ್ಲ ಬೇರೆ ಕಡೆ. ಎರಡನೇ ವರ್ಷ ಜವಾನನ ಪಾತ್ರದವರು ತಲೆ ಬೋಳಿಸಿಕೊಂಡು ಬಂದರು, ಕೂದಲು ಬೆಳೆಯುವವರೆಗೆ ಕಾದೆವು. ಒಂದು ಹಾರ್ಡ್ ಡಿಸ್ಕ್ ಕೈಜಾರಿ ಬಿದ್ದು ಮೂರು ಭಾನುವಾರದ ಕೆಲಸ ಹೋಯಿತು. ಇನ್ನೊಂದು ಪ್ರತಿ ಇರಲಿಲ್ಲ. ಆಮೇಲಿಂದ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇಡುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಹುಡುಗ ಬೆಳೆದದ್ದು. ಶುರು ಮಾಡಿದಾಗ ಅವನಿಗೆ 11 ವರ್ಷ. ಮೂರನೇ ವರ್ಷದಲ್ಲಿ ಭುಜ ಅಗಲವಾಗಿ, ದನಿ ಒಡೆದು, ಬೇರೆಯೇ ಹುಡುಗನಾಗಿದ್ದ. ಬಾಗಿಲು ತೆರೆದು ಒಳಗೆ ಬರುವ ಶಾಟ್ ಮೊದಲ ವರ್ಷದ್ದು, ಒಳಗೆ ಬಂದು ನಿಂತ ಶಾಟ್ ಮೂರನೇ ವರ್ಷದ್ದು. ಹೊಸ್ತಿಲು ದಾಟುವಷ್ಟರಲ್ಲಿ ನಾಲ್ಕು ಇಂಚು ಬೆಳೆದಿದ್ದ. ಜೊತೆಗಾರರಲ್ಲಿ ಇಬ್ಬರು ಬರುವುದನ್ನು ನಿಲ್ಲಿಸಿದರು, ಅವರನ್ನು ದೂರುವುದಿಲ್ಲ, ಸಂಬಳ ಇಲ್ಲದೆ ಅಷ್ಟು ಭಾನುವಾರ ಯಾರು ಕೊಡುತ್ತಾರೆ? ಎಲ್ಲ ಬಿಟ್ಟುಬಿಡೋಣ ಅನಿಸಿದ ವಾರವೇ ಮೇಷ್ಟ್ರ ಮನೆಗೆ ಹೋದೆ.

ಅವರು ಪೂರ್ತಿ ಕೇಳಿದರು. ಆಮೇಲೆ ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ'ಯ ಕಥೆ ತೆಗೆದರು. ಸಿನಿಮಾದ ಕಥೆ ಅಲ್ಲ, ಅದನ್ನು ತೆಗೆದ ಕಥೆ. ರೇ ಆಗ ಜಾಹೀರಾತು ಕಂಪನಿಯಲ್ಲಿ ನೌಕರ. 1952ರಲ್ಲಿ ಶೂಟಿಂಗ್ ಶುರು ಮಾಡಿದಾಗ ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಅದಕ್ಕೂ ಮುಂಚೆ ಸಿನಿಮಾ ಕ್ಯಾಮೆರಾ ಮುಟ್ಟಿದವರಲ್ಲ. ಬಿಳಿ ಕಾಶ ಹೂವಿನ ಬಯಲಿನಲ್ಲಿ ಒಂದು ದಿನ ಚಿತ್ರೀಕರಿಸಿ ಮುಂದಿನ ವಾರ ಹೋಗಿ ನೋಡಿದರೆ ದನಗಳು ಅಷ್ಟೂ ಹೂವನ್ನು ಮೇಯ್ದು ಮುಗಿಸಿದ್ದವು. ಮತ್ತೆ ಹೂ ಬಿಡುವ ಕಾಲಕ್ಕೆ ಕಾದು ಉಳಿದದ್ದನ್ನು ತೆಗೆದರು. ದುಡ್ಡಿಲ್ಲದೆ ಕೆಲಸ ಎಷ್ಟೋ ಸಲ ನಿಂತಿತು, ಸಿನಿಮಾ ಹೊರಬಂದಿದ್ದು 1955ರಲ್ಲಿ. ಆ ಸಿನಿಮಾದ ಹುಡುಗ ಅಪುವಿನ ದನಿ ಒಡೆಯಲಿಲ್ಲ, ಅವನ ಅಕ್ಕ ದುರ್ಗಾ ದೊಡ್ಡವಳಾಗಿ ಕಾಣಲಿಲ್ಲ, ಮುದುಕಿಯ ಪಾತ್ರ ಮಾಡಿದ ಅಜ್ಜಿ ಶೂಟಿಂಗ್ ಮುಗಿಯುವ ಮುಂಚೆ ಸಾಯಲಿಲ್ಲ, ಇವು ಮೂರು ಪವಾಡ ಎಂದು ರೇ ಮುಂದೆ ಹೇಳಿಕೊಂಡರಂತೆ.

"ನಿನ್ನ ಹುಡುಗನ ದನಿ ಒಡೆದಿದೆ. ಅವನಿಗೆ ತಮ್ಮನೋ ತಂಗಿಯೋ ಇದ್ದಾರೇನೋ?" ಎಂದು ಕೇಳಿದರು. ತಂಗಿ ಇದ್ದಳು. ಅವಳ ಕೈಲಿ ಡಬ್ ಮಾಡಿಸಿದೆವು, ಹುಡುಗನನ್ನು ಆದಷ್ಟು ಕೂರಿಸಿಯೇ ಚಿತ್ರಿಸಿದೆವು. ನೋಡಿದವರು ಯಾರೂ ಗುರುತು ಹಿಡಿದಿಲ್ಲ. ಅದೇ ದಿನ ನಾನು ಇನ್ನೊಂದು ಕೇಳಿದೆ. ಸಿನಿಮಾದಲ್ಲಿ ಒಂದು ಪಾಠದ ದೃಶ್ಯ ಇದೆ ಸರ್, ನೀವೇ ಮಾಡಬೇಕು. ಒಪ್ಪಿದರು.

ಅವರು ಬಂದಿದ್ದು ಒಂದು ಮಧ್ಯಾಹ್ನ. ಸೆಕೆ ಜಾಸ್ತಿ ಇತ್ತು, ಅವರಿಗೆ ಆಗಲೇ ಸುಸ್ತು. ಶಾಟ್‌ಗೆ ಮುಂಚೆ ತಲೆ ಎತ್ತಿ ನೋಡಿ, "ಫ್ಯಾನ್ ನಿಲ್ಲಿಸೋದು ಬೇಡ್ವೇನೋ?" ಅಂದರು. ನಾನು, "ಇರಲಿ ಸರ್, ಆಮೇಲೆ ಡಬ್ ಮಾಡಿಸೋಣ" ಅಂದೆ. ಒಂದೇ ಟೇಕಿನಲ್ಲಿ ಮುಗಿಸಿದರು. ಡಬ್ಬಿಂಗ್‌ಗೆ ದಿನ ಗೊತ್ತು ಮಾಡಿದ್ದೆವು. ಅದಕ್ಕೆ ಹತ್ತು ದಿನ ಮುಂಚೆ ಅವರು ಹೋದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಪಾಠ ಹೇಳಿಕೊಟ್ಟವರಿಗೇ ನಾನು ಇರಲಿ ಅಂದೆ.

ಫ್ಯಾನಿನ ಶಬ್ದ ತೆಗೆಯಲು ಸಾಫ್ಟ್‌ವೇರ್ ಹಾಕಿ ನೋಡಿದೆ. ಫ್ಯಾನ್ ಹೋಗುತ್ತಿತ್ತು, ಜೊತೆಗೆ ಅವರ ದನಿಯೂ ನೀರಿನೊಳಗಿಂದ ಬಂದ ಹಾಗೆ ಆಗುತ್ತಿತ್ತು. ಅವರಂತೆ ಮಾತಾಡುವವರಿಂದ ಡಬ್ ಮಾಡಿಸೋಣ ಎಂದು ಒಬ್ಬರು ಹೇಳಿದರು, ಮನಸ್ಸು ಒಪ್ಪಲಿಲ್ಲ. ಕೊನೆಗೆ ರೆಕಾರ್ಡರ್ ತೆಗೆದುಕೊಂಡು ಅದೇ ಕೋಣೆಗೆ ಹೋದೆ. ಅದೇ ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಎರಡು ನಿಮಿಷ ಅಲುಗಾಡದೆ ಕೂತು ಬರೀ ಕೋಣೆಯ ಶಬ್ದ ಹಿಡಿದೆ. ಅದನ್ನು ಇಡೀ ದೃಶ್ಯದ ಅಡಿಗೆ ಹಾಸಿದೆ. ಹುಡುಗರ ಮುಖ ಬಂದಾಗ ಫ್ಯಾನಿನ ಶಬ್ದ ಮಾಯವಾಗಿ, ಮೇಷ್ಟ್ರ ಮುಖ ಬಂದಾಗ ಧುತ್ತೆಂದು ಶುರುವಾಗುವುದು ನಿಂತಿತು. ಈಗ ಅದು ಸೆಕೆಗಾಲದ ಒಂದು ಕ್ಲಾಸಿನಂತೆ ಕೇಳಿಸುತ್ತದೆ, ಅವರ ದನಿ ಅವರದ್ದೇ.

ಹಾಗೆ ಕೂತಾಗ ಪಕ್ಕದ ಕೋಣೆಯ ದೊಡ್ಡ ಪರದೆಯಲ್ಲಿ ಶಬ್ದದ ಪಾಠದ ವಿಡಿಯೋ ಓಡುತ್ತಿತ್ತು. ವಿಡಿಯೋ ಚೆನ್ನಾಗಿಯೇ ಇತ್ತು, ಅಲೆಗಳು ಬಣ್ಣ ಬಣ್ಣವಾಗಿದ್ದವು. ಆದರೆ ಮಕ್ಕಳನ್ನು ಒಂದು ಪೀರಿಯಡ್ ಮೈದಾನಕ್ಕೆ ಬಿಟ್ಟಿದ್ದರೆ ಏನು ಹೋಗುತ್ತಿತ್ತು? ಇವತ್ತು ಎಷ್ಟೋ ಮಕ್ಕಳ ಕೈಗೆ ಕ್ಯಾಮೆರಾ ಇರುವ ಫೋನ್ ಸಿಗುತ್ತದೆ, ನಮಗೆ ಆ ವಯಸ್ಸಿನಲ್ಲಿ ಕನಸಲ್ಲೂ ಇರಲಿಲ್ಲ. ತಪ್ಪು ಮಾಡಿ, ಸಂಜೆ ಉಳಿದು, ಅದನ್ನು ತಾವೇ ಸರಿಮಾಡುವಷ್ಟು ಹೊತ್ತನ್ನು ಮಾತ್ರ ಯಾರೂ ಕೊಡುತ್ತಿಲ್ಲ, ಅಲ್ವಾ? ಪ್ರಾಜೆಕ್ಟನ್ನು ಅಪ್ಪ ಅಮ್ಮನೇ ಮಾಡಿ ಕಳಿಸುತ್ತಾರೆ.

ಮೊದಲ ಪ್ರದರ್ಶನ ನಮ್ಮ ಶಾಲೆಯ ಹಾಲಿನಲ್ಲೇ ಆಗಬೇಕು ಎಂದು ಹಠ ಹಿಡಿದೆ. ನಮ್ಮ ಬ್ಯಾಚಿನವರು ಮೂವತ್ತು ಜನ ಬಂದಿದ್ದರು, ಈಗಿನ ಮಕ್ಕಳು ಮುಂದೆ ನೆಲದ ಮೇಲೆ ಕೂತಿದ್ದರು. ನಮ್ಮವರಲ್ಲಿ ಇಡೀ ಸಿನಿಮಾ ಮಾಡಿ ಮುಗಿಸಿದವನು ನಾನೊಬ್ಬನೇ, ಆ ಹೆಮ್ಮೆ ಆ ದಿನ ನನಗಿತ್ತು.

ಕೊನೆಯ ದೃಶ್ಯದಲ್ಲಿ ಹುಡುಗ ಮೈದಾನದ ತುದಿಯಲ್ಲಿ ನಿಂತು ನೋಡುತ್ತಾನೆ, ದೂರದಲ್ಲಿ ಜವಾನ ಗಂಟೆ ಹೊಡೆಯುತ್ತಾನೆ. ಅಲ್ಲಿ ಶಬ್ದವನ್ನು 12 ಫ್ರೇಮ್ ತಡವಾಗಿ ಇಟ್ಟಿದ್ದೇನೆ. ಶಬ್ದದ ಮಿಕ್ಸಿಂಗ್ ಮಾಡಿದ ಹುಡುಗ ಚಿತ್ರಕ್ಕೂ ಶಬ್ದಕ್ಕೂ ಸಿಂಕ್ ತಪ್ಪಿದೆ ಎಂದುಕೊಂಡು ಎರಡು ಸಲ ಸರಿಮಾಡಿದ್ದ, ಎರಡು ಸಲವೂ ನಾನು ವಾಪಸ್ ಸರಿಸಿದ್ದೆ.

ಪರದೆಯ ಮೇಲೆ ಸುತ್ತಿಗೆ ಗಂಟೆಗೆ ತಗುಲಿತು. ಶಬ್ದ ಇಲ್ಲ. ಆಮೇಲೆ ಬಂತು. ಮುಂದಿನ ಸಾಲಿನ ಒಂದು ಮಗು ಪಕ್ಕದವಳಿಗೆ, "ಸೌಂಡು ಲೇಟು" ಅಂತು. ಹಿಂದಿನ ಕತ್ತಲಲ್ಲಿ ನಮ್ಮ ಬ್ಯಾಚಿನವನೊಬ್ಬ, ಯಾರಿಗೂ ಅಲ್ಲದ ಹಾಗೆ, ಮೆಲ್ಲಗೆ "170 ಮೀಟರ್" ಅಂದ.